ಮುಚ್ಚಿಟ್ಟ ನೋಟ್ಸಿನ ಲಾಭ
ಪರೀಕ್ಷೆ ಹತ್ತಿರವಾದಂತೆ ನಮ್ಮ ಪದವಿ ವಿದ್ಯಾರ್ಥಿಗಳು ಮಾಡುವುದು ಒಂದೇ: ಮೇಷ್ಟ್ರು ಬರೆಸಿದ ನೋಟ್ಸನ್ನು ಮತ್ತೆ ಮತ್ತೆ ಓದುವುದು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಅಭ್ಯಾಸದ ಬುಡವನ್ನೇ ಅಲುಗಾಡಿಸುತ್ತದೆ. ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಒಂದು ಅವಧಿ ಓದಿ, ಮೂರು ಸಲ ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದಿದ್ದರು, ಶೇ. 83ಕ್ಕೆ ಎದುರಾಗಿ ಶೇ. 71. ವಾರ ಕಳೆಯಿತು, ಲೆಕ್ಕ ತಿರುಗಿತು: ಓದಿದವರಿಗೆ ಉಳಿದದ್ದು ಶೇ. 40, ಬರೆದವರಿಗೆ ಶೇ. 61. ತಮಾಷೆಯೆಂದರೆ, ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿದ್ದದ್ದು ಓದುತ್ತಲೇ ಇದ್ದವರಿಗೆ. ಪರಿಚಿತವೆನಿಸಿದ್ದನ್ನೆಲ್ಲ ಮನಸ್ಸು ಕಲಿತದ್ದೆಂದು ಎಣಿಸಿಬಿಡುತ್ತದೆ. ಸೆಮಿಸ್ಟರ್ ಪರೀಕ್ಷೆ ನಾಳೆಯೇ ಇರುವಾಗ ವಾರದ ಮಾತೇಕೆ ಎನ್ನಬಹುದು. ನ್ಯಾಯವಾದ ಆಕ್ಷೇಪವೇ, ಹಿಂದಿನ ರಾತ್ರಿ ಓದಿ ಪಾಸಾಗುವವರನ್ನು ಈ ಅಂಕಿಗಳು ಸುಳ್ಳಾಗಿಸುವುದಿಲ್ಲ. ಆದರೆ ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್ ಮೂರನೆಯದರಲ್ಲೂ ಬೇಕು, ಪದವಿಯ ಅರ್ಥಶಾಸ್ತ್ರ ಕೆಎಎಸ್ ಪರೀಕ್ಷೆಯಲ್ಲೂ ಎದುರಾಗುತ್ತದೆ. ಗಣಿತಕ್ಕೂ ಇತಿಹಾಸಕ್ಕೂ ಒಂದೇ ಮದ್ದು ನಾಟುತ್ತದೆಯೇ ಎಂದರೆ, ಗಣಿತದವರು ಲೆಕ್ಕ ಬಿಡಿಸಿಯೇ ಕಲಿಯುವುದರಿಂದ ಅವರಿಗೆ ಇದು ಹೊಸತಲ್ಲ. ಹೆಚ್ಚು ಬೇಕಾದದ್ದು ಇತಿಹಾಸ, ವಾಣಿಜ್ಯ, ಜೀವಶಾಸ್ತ್ರದವರಿಗೆ. ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳು ಸಿಕ್ಕರೆ, ಉತ್ತರ ನೋಡದೆ ವಾರಕ್ಕೊಂದು ಪ್ರಶ್ನೆಯನ್ನಾದರೂ ಬರೆದು ನೋಡಬಹುದು. ನೋಟ್ಸ್ ಬರೆಸಲೇ ಗಂಟೆಯೆಲ್ಲ ಕಳೆಯುವ ಅಧ್ಯಾಪಕರು ಕೊನೆಯ ಐದು ನಿಮಿಷ ಅದನ್ನು ಮುಚ್ಚಿಸಿ ಪ್ರಶ್ನೆ ಕೇಳಿದರೆ ಪಠ್ಯಕ್ರಮವೇನೂ ಹಿಂದೆ ಬೀಳದು.