ಅಢಾವೆ ಪತ್ರಿಕೆಯಲ್ಲಿ ಕಾಣದ ಆಸ್ತಿ: ‘ಕ್ವೀನ್’ ತಂಡದ ಸಂಕಲನವೊಂದು ಕಲಿಸುವ ಪಾಠ

ಬ್ರಿಟನ್ನಿನಲ್ಲಿ ಇದುವರೆಗೆ ಅತಿ ಹೆಚ್ಚು ಮಾರಾಟವಾಗಿರುವ ಸಂಗೀತದ ಆಲ್ಬಂ ಯಾವುದೆಂದು ಕೇಳಿದರೆ ಬಹುಮಂದಿ ಬೀಟಲ್ಸ್ ತಂಡದ ಹೆಸರು ಹೇಳಿಯಾರು. ಆದರೆ ಆ ಸ್ಥಾನ ಸಂದಿರುವುದು 1981ರಲ್ಲಿ ಇ.ಎಂ.ಐ. ಸಂಸ್ಥೆ ಹೊರತಂದ, ‘ಕ್ವೀನ್’ ಎಂಬ ರಾಕ್ ತಂಡದ ‘ಗ್ರೇಟೆಸ್ಟ್ ಹಿಟ್ಸ್’ ಸಂಕಲನಕ್ಕೆ. 2014ರಲ್ಲಿ ಅದರ ಮಾರಾಟ 60 ಲಕ್ಷ ಪ್ರತಿಗಳನ್ನು ಮುಟ್ಟಿತು. ಅಂತರಜಾಲದ ಮೂಲಕ ಕೇಳುಗರು ಆಲಿಸಿದ್ದನ್ನೂ ಲೆಕ್ಕಕ್ಕೆ ಹಿಡಿದು 2022ರ ಜುಲೈನಲ್ಲಿ ಅದು 70 ಲಕ್ಷವನ್ನು ತಲುಪಿತೆಂದು ಪ್ರಕಟವಾಯಿತು. ಆ ದೇಶದಲ್ಲಿ ಈ ಸಂಖ್ಯೆಯನ್ನು ಮೊದಲು ಮುಟ್ಟಿದ ಆಲ್ಬಂ ಇದೇ.

ವಾಣಿಜ್ಯ ಮಂಡಳಿಯ ಪತ್ರಿಕೆಯಲ್ಲಿ ಪಾಶ್ಚಾತ್ಯ ಸಂಗೀತದ ಪ್ರಸ್ತಾಪವೇಕೆ ಎಂದು ಓದುಗರು ಕೇಳಬಹುದು. ಸಂಗೀತದ ಗುಣದೋಷ ವಿಮರ್ಶೆ ನನ್ನ ಅಧಿಕಾರದ ವ್ಯಾಪ್ತಿಗೆ ಸೇರಿದ್ದಲ್ಲ. ಲೆಕ್ಕಪರಿಶೋಧಕನ ದೃಷ್ಟಿಯಿಂದ ನೋಡಿದಾಗ ಈ ಸಂಕಲನದ ಕಥೆಯಲ್ಲಿ ನಮ್ಮ ಪಾಲುದಾರಿಕೆ ಸಂಸ್ಥೆಗಳಿಗೂ ಕೌಟುಂಬಿಕ ಉದ್ಯಮಗಳಿಗೂ ನೇರವಾಗಿ ಅನ್ವಯಿಸುವ ಪಾಠವೊಂದಿದೆ ಎಂಬುದೇ ಈ ಬರಹಕ್ಕೆ ಕಾರಣ.

ಹಳೆಯ ದಾಸ್ತಾನು, ಹೊಸ ಜೋಡಣೆ

ಬ್ರಿಟಿಷ್ ಆವೃತ್ತಿಯ ಈ ಸಂಕಲನದಲ್ಲಿ 17 ಹಾಡುಗಳಿವೆ. ಅವುಗಳಲ್ಲಿ ಒಂದೂ ಹೊಸದಲ್ಲ. ಎಲ್ಲವೂ 1974ರಿಂದ 1980ರವರೆಗಿನ ಅವಧಿಯಲ್ಲಿ ಬಿಡಿಬಿಡಿಯಾಗಿ ಮಾರಾಟವಾಗಿ ಜನಪ್ರಿಯವಾಗಿದ್ದಂಥವು. ಅಂದರೆ ಧ್ವನಿಮುದ್ರಣದ ವೆಚ್ಚ ಅದಾಗಲೇ ಆಗಿಹೋಗಿತ್ತು. 1975ರ ‘ಎ ನೈಟ್ ಅಟ್ ದಿ ಆಪೆರಾ’ ಆಲ್ಬಂ ಆ ಕಾಲದ ಅತ್ಯಂತ ದುಬಾರಿ ಧ್ವನಿಮುದ್ರಣಗಳಲ್ಲಿ ಒಂದೆಂದು ಹೆಸರಾಗಿತ್ತು. ಆ ಖರ್ಚಿನ ಫಲವನ್ನು ಮತ್ತೊಮ್ಮೆ ಪಡೆಯಲು 1981ರಲ್ಲಿ ಬೇಕಾಗಿದ್ದುದು ಆಯ್ಕೆ, ಜೋಡಣೆ, ಹೊದಿಕೆ ಮತ್ತು ಪ್ರಚಾರ ಮಾತ್ರ. ಹೊದಿಕೆಗೆ ಬೇಕಾದ ಛಾಯಾಚಿತ್ರವನ್ನು ತೆಗೆದವರು ಪ್ರಖ್ಯಾತ ಛಾಯಾಗ್ರಾಹಕ ಲಾರ್ಡ್ ಸ್ನೋಡನ್. ಜೊತೆಯಲ್ಲೇ ‘ಗ್ರೇಟೆಸ್ಟ್ ಫ್ಲಿಕ್ಸ್’ ಎಂಬ ದೃಶ್ಯಸಂಕಲನವೂ ‘ಗ್ರೇಟೆಸ್ಟ್ ಪಿಕ್ಸ್’ ಎಂಬ ಚಿತ್ರಪುಸ್ತಕವೂ ಹೊರಬಂದವು. ಒಂದೇ ದಾಸ್ತಾನಿನಿಂದ ಮೂರು ಸರಕುಗಳು ಸಿದ್ಧವಾದವು. ಆಯಾ ದೇಶದಲ್ಲಿ ಯಾವ ಹಾಡು ಗೆದ್ದಿತ್ತೋ ಅದನ್ನು ನೋಡಿ ಪಟ್ಟಿಯನ್ನು ಬದಲಿಸಲಾಯಿತು. ಅಮೆರಿಕದ ಆವೃತ್ತಿಗೂ ಬ್ರಿಟನ್ನಿನ ಆವೃತ್ತಿಗೂ ವ್ಯತ್ಯಾಸವಿದೆ.

ಆಮೇಲೆ ಎಲ್.ಪಿ. ತಟ್ಟೆ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಸಿ.ಡಿ.ಯೂ ಹಿಂದೆ ಸರಿದು ಮೊಬೈಲ್ ದೂರವಾಣಿಯಲ್ಲೇ ಹಾಡು ಕೇಳುವ ಕಾಲ ಬಂತು. ಸರಕನ್ನು ಸಾಗಿಸುವ ಪಾತ್ರೆ ಮೂರು ಬಾರಿ ಬದಲಾದರೂ ಒಳಗಿನ ಸರಕು ಬದಲಾಗಲಿಲ್ಲ, ಬೇಡಿಕೆಯೂ ಇಂಗಲಿಲ್ಲ. 2018ರಲ್ಲಿ ತೆರೆಕಂಡ ‘ಬೊಹೀಮಿಯನ್ ರಾಪ್ಸಡಿ’ ಚಲನಚಿತ್ರ ವಿಶ್ವದಾದ್ಯಂತ 90 ಕೋಟಿ ಡಾಲರಿಗೂ ಮೀರಿ ಗಳಿಸಿ, ಹಳೆಯ ಹಾಡುಗಳಿಗೆ ಹೊಸ ಪೀಳಿಗೆಯ ಗ್ರಾಹಕರನ್ನು ತಂದುಕೊಟ್ಟಿತು.

ಲೆಕ್ಕಪುಸ್ತಕದ ಮೌನ

ಇಂತಹ ಆಸ್ತಿಯನ್ನು ನಮ್ಮ ಲೆಕ್ಕಪುಸ್ತಕ ಹೇಗೆ ಕಾಣುತ್ತದೆ? ಅಮೂರ್ತ ಆಸ್ತಿಗಳನ್ನು ಕುರಿತ ಎ.ಎಸ್. 26 ಮತ್ತು ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎ.ಎಸ್. 38 ಎರಡೂ ಒಂದು ವಿಷಯದಲ್ಲಿ ಖಚಿತವಾಗಿವೆ. ಸಂಸ್ಥೆಯೊಳಗೇ ಬೆಳೆದ ಬ್ರಾಂಡ್, ಪ್ರಕಟಣೆಯ ಶೀರ್ಷಿಕೆ, ಗ್ರಾಹಕರ ಪಟ್ಟಿ ಮುಂತಾದವುಗಳನ್ನು ಆಸ್ತಿಯೆಂದು ಅಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ಹಣ ಕೊಟ್ಟು ಕೊಂಡಿದ್ದರೆ ಮಾತ್ರ ತೋರಿಸಬಹುದು. ಹಾಗೆ ತೋರಿಸಿದ ಅಮೂರ್ತ ಆಸ್ತಿಯ ಉಪಯುಕ್ತ ಆಯಸ್ಸು 10 ವರ್ಷಗಳನ್ನು ಮೀರದು ಎಂಬುದು, ವಿರುದ್ಧವಾದ ಆಧಾರವಿಲ್ಲದ ಸಂದರ್ಭದಲ್ಲಿ, ಎ.ಎಸ್. 26ರ ಪೂರ್ವಗ್ರಹಿಕೆ.

ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ನೋಡಿದರೆ ನಾಲ್ಕು ದಶಕಗಳಾಚೆಗೂ ಮಾರಾಟವಾಗುತ್ತಿರುವ ಸಂಕಲನವೊಂದು ಲೆಕ್ಕಕ್ಕೆ ನಿಲುಕುವುದಿಲ್ಲ. 2024ರ ಜೂನ್‌ನಲ್ಲಿ ಸೋನಿ ಸಂಸ್ಥೆಯು ಕ್ವೀನ್ ತಂಡದ ಹಾಡುಗಳ ಹಕ್ಕುಗಳನ್ನು ಸುಮಾರು 100 ಕೋಟಿ ಪೌಂಡುಗಳಿಗೆ, ಅಂದರೆ ಆಗಿನ ವಿನಿಮಯ ದರದಲ್ಲಿ ಸುಮಾರು 10,500 ಕೋಟಿ ರೂಪಾಯಿಗಳಿಗೆ, ಕೊಳ್ಳಲು ಒಪ್ಪಿದೆಯೆಂದು ಅಂತರರಾಷ್ಟ್ರೀಯ ವಾಣಿಜ್ಯ ಪತ್ರಿಕೆಗಳು ವರದಿ ಮಾಡಿದವು. ಬೆಳೆಸಿದವನ ಪುಸ್ತಕದಲ್ಲಿ ಸ್ಥಾನವಿಲ್ಲದ ಜನಪ್ರಿಯತೆಯ ಮೌಲ್ಯ, ಕೊಂಡವನ ಪುಸ್ತಕದಲ್ಲಿ ಕ್ರಯದ ರೂಪದಲ್ಲಿ ಪ್ರತ್ಯಕ್ಷವಾಗುತ್ತದೆ.

ಮಾನದಂಡವನ್ನು ಬದಲಿಸಬೇಕೆಂದು ನಾನು ವಾದಿಸುವುದಿಲ್ಲ. ಅವರವರ ಹೆಸರಿಗೆ ಅವರವರೇ ಬೆಲೆ ಕಟ್ಟಿಕೊಳ್ಳಲು ಅವಕಾಶವಿತ್ತರೆ ಬ್ಯಾಂಕುಗಳಿಗೂ ಸಾಲಗಾರರಿಗೂ ಆಗುವ ಅನಾಹುತವನ್ನು ಊಹಿಸಬಹುದು. ಆದರೆ ಅಢಾವೆ ಪತ್ರಿಕೆ ಮೌನವಾಗಿರುವಲ್ಲಿ ಕರಾರುಪತ್ರ ಮಾತನಾಡಬೇಕು. ಕ್ವೀನ್ ತಂಡದ ಕಥೆಯ ಸಾರವಿರುವುದು ಇಲ್ಲಿಯೇ.

ಹದಿನೇಳು ಹಾಡುಗಳ ಲೆಕ್ಕ

ತಂಡದಲ್ಲಿದ್ದವರು ನಾಲ್ವರು. ಗಾಯಕ ಫ್ರೆಡ್ಡಿ ಮರ್ಕ್ಯುರಿ ಜಾಂಜಿಬಾರಿನಲ್ಲಿ ಜನಿಸಿದ ಪಾರ್ಸಿ. ಮೂಲ ಹೆಸರು ಫರೂಖ್ ಬಲ್ಸಾರಾ. ಓದಿದ್ದು ಮಹಾರಾಷ್ಟ್ರದ ಪಂಚಗಣಿಯ ಶಾಲೆಯಲ್ಲಿ. ಗಿಟಾರ್ ವಾದಕ ಬ್ರಯನ್ ಮೇ, ಡ್ರಮ್ ವಾದಕ ರೋಜರ್ ಟೇಲರ್ ಹಾಗೂ ಬೇಸ್ ಗಿಟಾರ್ ವಾದಕ ಜಾನ್ ಡೀಕನ್ ಉಳಿದ ಮೂವರು. ನಾಲ್ವರೂ ಹಾಡು ಕಟ್ಟಬಲ್ಲವರು.

ಆರಂಭದಲ್ಲಿ ಅವರಿಗೆ ಕಾಗದದ ಬಲವಿರಲಿಲ್ಲ. ಟ್ರೈಡೆಂಟ್ ಎಂಬ ಸಂಸ್ಥೆಯೊಡನೆ ಮಾಡಿಕೊಂಡಿದ್ದ ಒಪ್ಪಂದದಂತೆ ಅವರು ವಾರದ ಸಂಬಳಕ್ಕೆ ದುಡಿಯುತ್ತಿದ್ದರು. ಹಾಡು ಗೆದ್ದರೂ ಕೈಯಲ್ಲಿ ಹಣವಿರಲಿಲ್ಲ. 1975ರಲ್ಲಿ ಆ ಬಂಧನದಿಂದ ಹೊರಬರಲು 1 ಲಕ್ಷ ಪೌಂಡುಗಳನ್ನೂ ಮುಂದಿನ 6 ಆಲ್ಬಂಗಳ ಮೇಲೆ ಶೇ. 1ರ ರಾಯಲ್ಟಿಯನ್ನೂ ಬಿಟ್ಟುಕೊಡಬೇಕಾಯಿತು.

ಎರಡನೆಯ ತೊಡಕು ಹುಟ್ಟಿದ್ದು ತಮ್ಮೊಳಗೇ. ರಚನೆಯ ರಾಯಲ್ಟಿ ಹಾಡು ಬರೆದವರಿಗೆ ಸೇರುತ್ತದೆ. ಆ ದೃಷ್ಟಿಯಿಂದ ಈ ಸಂಕಲನದ 17 ಹಾಡುಗಳನ್ನು ವಿಂಗಡಿಸಿದರೆ ಮರ್ಕ್ಯುರಿಯವರವು 10, ಮೇ ಅವರವು 5, ಡೀಕನ್ ಅವರವು 2. ಟೇಲರ್ ಅವರ ರಚನೆ ಒಂದೂ ಇಲ್ಲ. ಬ್ರಿಟನ್ನಿನ ಅತ್ಯಧಿಕ ಮಾರಾಟದ ಆಲ್ಬಂನಲ್ಲಿ ನಾಲ್ವರಲ್ಲೊಬ್ಬನ ರಚನಾ ಪಾಲು ಸೊನ್ನೆ!

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. 1975ರಲ್ಲಿ ‘ಬೊಹೀಮಿಯನ್ ರಾಪ್ಸಡಿ’ ಬಿಡಿ ತಟ್ಟೆಯಾಗಿ ಹೊರಬಂದು 9 ವಾರ ಬ್ರಿಟನ್ನಿನಲ್ಲಿ ಮೊದಲ ಸ್ಥಾನದಲ್ಲಿತ್ತು. ಅದರ ಹಿಂಬದಿಯಲ್ಲಿದ್ದುದು ಟೇಲರ್ ಬರೆದ ಹಾಡು. ಜನ ಕೊಂಡದ್ದು ಮುಂಬದಿಯ ಹಾಡಿಗಾಗಿ. ಆದರೆ ತಟ್ಟೆಯೊಂದು ಮಾರಾಟವಾದಾಗ ಎರಡೂ ಬದಿಯ ರಚನಕಾರರಿಗೆ ಸಮಪಾಲು. ತಂಡದೊಳಗೆ ಇದು ಬಹುಕಾಲ ಅಸಮಾಧಾನಕ್ಕೆ ಕಾರಣವಾಯಿತು. ಯಾವ ಹಾಡನ್ನು ಹೊರತರಬೇಕು ಎಂಬ ಪ್ರಶ್ನೆಯು ಯಾರಿಗೆ ಲಾಭ ಎಂಬ ಪ್ರಶ್ನೆಯಾಗಿ ಮಾರ್ಪಟ್ಟರೆ ಸಂಸ್ಥೆಯ ಹಿತ ಹಿಂದಾಗುವುದು ಸಹಜವಷ್ಟೆ.

1989ರ ‘ದಿ ಮಿರಾಕಲ್’ ಆಲ್ಬಂನ ಹೊತ್ತಿಗೆ ಅವರು ಇದಕ್ಕೆ ಪರಿಹಾರ ಕಂಡುಕೊಂಡರು. ಯಾರೇ ಬರೆದಿರಲಿ, ಹಾಡು ‘ಕ್ವೀನ್’ ತಂಡದ ಹೆಸರಿನಲ್ಲೇ ದಾಖಲಾಗತಕ್ಕದ್ದು ಎಂಬ ನಿರ್ಣಯ ಅದು. ಹಾಡಿನ ಆಯ್ಕೆ ಗುಣವನ್ನು ಮಾತ್ರ ಅವಲಂಬಿಸಲು ಅದರಿಂದ ಸಾಧ್ಯವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. 1991ರ ಅಕ್ಟೋಬರ್‌ನಲ್ಲಿ ಹೊರಬಂದ ಎರಡನೆಯ ಸಂಕಲನದಲ್ಲಿ ಟೇಲರ್ ಬರೆದ ‘ರೇಡಿಯೋ ಗಾಗಾ’ ಹಾಗೂ ‘ಎ ಕೈಂಡ್ ಆಫ್ ಮ್ಯಾಜಿಕ್’ ಎರಡೂ ಇವೆ. ಮೊದಲ ದಶಕದಲ್ಲಿ ಸೊನ್ನೆ ಪಡೆದ ಪಾಲುದಾರ ಎರಡನೆಯ ದಶಕದಲ್ಲಿ ಸಂಸ್ಥೆಯನ್ನು ಎತ್ತಿ ನಿಲ್ಲಿಸಿದವರಲ್ಲಿ ಒಬ್ಬ. ಒಂದೆರಡು ವರ್ಷದ ಲಾಭ-ನಷ್ಟ ನೋಡಿ ಪಾಲುದಾರನ ಬೆಲೆ ಕಟ್ಟುವವರು ಈ ಅಂಕಿಗಳನ್ನು ನೆನಪಿಡಬೇಕು.

ಎರಡನೆಯ ಸಂಕಲನ ಬಂದ ತಿಂಗಳೊಳಗೆ, 1991ರ ನವೆಂಬರ್ 24ರಂದು, ಮರ್ಕ್ಯುರಿ ತೀರಿಕೊಂಡರು. 1997ರ ನಂತರ ಡೀಕನ್ ವೇದಿಕೆಯಿಂದ ನಿವೃತ್ತರಾದರು. ಮುಖ್ಯ ಪಾಲುದಾರನ ಮರಣ, ಮತ್ತೊಬ್ಬನ ನಿವೃತ್ತಿ. ಇವೆರಡರಲ್ಲಿ ಒಂದಾದರೂ ಸಾಕು, ಸಂಸ್ಥೆಯೊಂದು ನ್ಯಾಯಾಲಯದ ಮೆಟ್ಟಿಲೇರಲು. ಇಲ್ಲಿ ಹಾಗಾಗಲಿಲ್ಲ. ಉತ್ತರ ಅಮೆರಿಕದ ಧ್ವನಿಮುದ್ರಣದ ಹಕ್ಕುಗಳು 1990ರಲ್ಲೇ ಡಿಸ್ನಿ ಒಡೆತನದ ಹಾಲಿವುಡ್ ರೆಕಾರ್ಡ್ಸ್ ಪಾಲಾಗಿದ್ದವು. 2024ರ ವರದಿಗಳ ಪ್ರಕಾರ, ಮೇ ಮತ್ತು ಟೇಲರ್ ಇಂದಿಗೂ ನಡೆಸುವ ವೇದಿಕೆ ಕಾರ್ಯಕ್ರಮಗಳ ಆದಾಯ ಸೋನಿಗೆ ಆದ ಮಾರಾಟದಲ್ಲಿ ಸೇರಿಲ್ಲ. ಯಾವ ಹಕ್ಕು, ಯಾವ ದೇಶಕ್ಕೆ, ಯಾರದು ಎಂಬುದು ಬಿಡಿಬಿಡಿಯಾಗಿ ದಾಖಲಾಗಿದ್ದರಿಂದಲೇ ಅವುಗಳನ್ನು ಬಿಡಿಬಿಡಿಯಾಗಿ ಮಾರಲೂ ಉಳಿಸಿಕೊಳ್ಳಲೂ ಸಾಧ್ಯವಾಯಿತು. ಒಡೆತನ ಸ್ಪಷ್ಟವಿಲ್ಲದ ಆಸ್ತಿಗೆ ಯಾವ ಖರೀದಿದಾರನೂ ಪೂರ್ಣ ಬೆಲೆ ತೆರುವುದಿಲ್ಲ.

ನಮ್ಮಲ್ಲಿನ ಸ್ಥಿತಿ

ಈಗ ನಮ್ಮತ್ತ ತಿರುಗೋಣ. ನಮ್ಮ ವರ್ತಕರ ಬಳಿಯೂ ಇಂತಹ ‘ಹಾಡು’ಗಳಿವೆ. ಸಾಂಬಾರು ಪುಡಿಯ ಹದ, ಅಗರಬತ್ತಿಯ ಪರಿಮಳದ ಮಿಶ್ರಣ, ಸೀರೆಯ ಅಂಚಿನ ವಿನ್ಯಾಸ, ಮೂರು ತಲೆಮಾರು ನಂಬಿದ ಅಂಗಡಿಯ ಹೆಸರು, ಇವೆಲ್ಲ ಅಂಥವೇ. ಮೂವತ್ತು ವರ್ಷಗಳ ವೃತ್ತಿಯಲ್ಲಿ ನಾನು ಕಂಡ ಪಾಲುದಾರಿಕೆ ಕರಾರುಪತ್ರಗಳಲ್ಲಿ ಬಂಡವಾಳ, ಬಡ್ಡಿ, ಸಂಬಳಗಳಿಗೆ ಪುಟಗಟ್ಟಲೆ ಜಾಗವಿದ್ದು, ಈ ಆಸ್ತಿಗಳಿಗೆ ಒಂದು ವಾಕ್ಯವೂ ಇಲ್ಲದಿರುವುದೇ ಹೆಚ್ಚು. ಹೆಸರು ಒಬ್ಬ ಸಹೋದರನ ಹೆಸರಿನಲ್ಲಿ ನೋಂದಣಿಯಾಗಿರುತ್ತದೆ, ಹದ ಇನ್ನೊಬ್ಬನ ಪತ್ನಿಗೆ ಮಾತ್ರ ಗೊತ್ತಿರುತ್ತದೆ, ಅಂಗಡಿ ಮೂರನೆಯವನ ಸ್ವಾಧೀನದಲ್ಲಿರುತ್ತದೆ. ಹಿರಿಯರು ಇರುವಷ್ಟು ದಿನ ಎಲ್ಲವೂ ಸುಸೂತ್ರ. ಅವರ ನಂತರ ಯಂತ್ರ, ಗೋದಾಮು, ಸರಕು ಸುಲಭವಾಗಿ ಪಾಲಾಗುತ್ತವೆ; ಹೆಸರಿಗಾಗಿ ಮಾತ್ರ ವ್ಯಾಜ್ಯ ವರ್ಷಾನುಗಟ್ಟಲೆ ನಡೆಯುತ್ತದೆ. ತೀರ್ಪು ಬರುವಷ್ಟರಲ್ಲಿ ಗ್ರಾಹಕ ಬೇರೆ ಹೆಸರಿಗೆ ಒಗ್ಗಿಹೋಗಿರುತ್ತಾನೆ.

ಕಾನೂನು ಏನು ಹೇಳುತ್ತದೆಂಬುದನ್ನು ತಿಳಿದಿರುವುದು ಒಳಿತು. 1932ರ ಪಾಲುದಾರಿಕೆ ಅಧಿನಿಯಮದ 13ನೆಯ ಪ್ರಕರಣದಂತೆ, ಕರಾರಿಲ್ಲದಿದ್ದಲ್ಲಿ ಲಾಭ ಸಮಪಾಲು. 14ನೆಯ ಪ್ರಕರಣದಂತೆ ಗುಡ್‌ವಿಲ್ ಸಂಸ್ಥೆಯ ಸ್ವತ್ತು. 37ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದೆ ಲೆಕ್ಕ ಚುಕ್ತಾ ಮಾಡದೆಯೇ ಉಳಿದವರು ವ್ಯವಹಾರ ಮುಂದುವರಿಸಿದರೆ, ಹೊರಹೋದ ಪಾಲುದಾರ ಅಥವಾ ಅವನ ವಾರಸುದಾರರು ತಮ್ಮ ಪಾಲಿನ ಸ್ವತ್ತಿನ ಬಳಕೆಯಿಂದ ಬಂದ ಲಾಭವನ್ನೋ ಶೇ. 6ರ ಬಡ್ಡಿಯನ್ನೋ ಕೇಳಬಹುದು. ಇನ್ನು 1957ರ ಕೃತಿಸ್ವಾಮ್ಯ ಅಧಿನಿಯಮದ 19ನೆಯ ಪ್ರಕರಣದಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿಯೇ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು 5 ವರ್ಷಗಳಿಗೆ ಮಾತ್ರ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಹೊರಗಿನವರಿಂದ ಜಾಹೀರಾತಿನ ಹಾಡು ಬರೆಸಿ ಬರಿಯ ರಸೀದಿ ಪಡೆದು ನಿಶ್ಚಿಂತರಾಗಿರುವ ಉದ್ಯಮಿಗಳು ಇದನ್ನು ಗಮನಿಸಬೇಕು.

ಅಣ್ಣತಮ್ಮಂದಿರ ನಡುವೆ ಕಾಗದವೇಕೆ ಎಂಬುದು ನಾನು ಅತಿ ಹೆಚ್ಚು ಕೇಳಿರುವ ಆಕ್ಷೇಪ. ಕ್ವೀನ್ ತಂಡದವರೂ ಸ್ನೇಹಿತರೇ ಆಗಿದ್ದರು. ಕಾಗದ ಅವರ ಸ್ನೇಹವನ್ನು ಕೆಡಿಸಲಿಲ್ಲ, ಕಾಪಾಡಿತು. ಹಳೆಯ ಹೆಸರಿನ ಮೇಲೆಯೇ ಬದುಕುವುದು ಸೋಮಾರಿತನವಲ್ಲವೇ ಎಂಬುದು ಮತ್ತೊಂದು ಆಕ್ಷೇಪ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆ ನಿಜವೇ. ಆದರೆ ಮೊದಲ ಸಂಕಲನದ ನಂತರವೂ ಅವರು ಹತ್ತು ವರ್ಷ ದುಡಿದದ್ದರಿಂದಲೇ ಎರಡನೆಯದಕ್ಕೆ ಸರಕು ಒದಗಿತೆಂಬುದನ್ನು ಮರೆಯಬಾರದು.

ಆದುದರಿಂದ ಪ್ರತಿಯೊಂದು ಪಾಲುದಾರಿಕೆ ಹಾಗೂ ಕೌಟುಂಬಿಕ ಸಂಸ್ಥೆಯೂ ತನ್ನ ಅಮೂರ್ತ ಆಸ್ತಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ ಕರಾರುಪತ್ರಕ್ಕೆ ಲಗತ್ತಿಸಬೇಕು. ಹೆಸರು, ಚಿಹ್ನೆ, ಹದ, ವಿನ್ಯಾಸ ಇವುಗಳಲ್ಲಿ ಯಾವುದು ಸಂಸ್ಥೆಯದು, ಯಾವುದು ವ್ಯಕ್ತಿಯದು, ಮರಣ ಅಥವಾ ನಿವೃತ್ತಿಯಾದಾಗ ಬೆಲೆ ಕಟ್ಟುವವರು ಯಾರು, ಯಾವ ವಿಧಾನದಿಂದ ಎಂಬುದು ಅದರಲ್ಲಿ ಬರೆದಿರಬೇಕು. ಟ್ರೇಡ್ ಮಾರ್ಕ್ ನೋಂದಣಿಯನ್ನು 10 ವರ್ಷಕ್ಕೊಮ್ಮೆ ನವೀಕರಿಸುವ ಹೊಣೆ ಯಾರದೆಂಬುದೂ ನಿಗದಿಯಾಗಬೇಕು. ನಮ್ಮ ವಾಣಿಜ್ಯ ಮಂಡಳಿಯು ಇಂತಹ ಪಟ್ಟಿಯ ಮಾದರಿಯೊಂದನ್ನು ವಕೀಲರ ಹಾಗೂ ಲೆಕ್ಕಪರಿಶೋಧಕರ ನೆರವಿನಿಂದ ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ, ಸಣ್ಣ ಊರುಗಳ ವರ್ತಕರಿಗೆ ಬಹಳ ಉಪಕಾರವಾದೀತು. ಮಂಡಳಿಯ ಪದಾಧಿಕಾರಿಗಳು ಈ ಸಲಹೆಯನ್ನು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.