ಕೈಯಲ್ಲಿ ಹುನರ್, ವೀಸಾದಲ್ಲಿ ಆಮಿಲ್

ಇಂಜಿನಿಯರ್ ಅಮೆರಿಕಕ್ಕೆ ಹೋದರೆ ಅದಕ್ಕೆ ‘ಪ್ರತಿಭಾ ಪಲಾಯನ’ ಎಂದು ಹೆಸರು. ಆ ಪದದೊಳಗೆ ಒಂದಿಷ್ಟು ದುಃಖವಿದೆ, ಅದಕ್ಕಿಂತ ಹೆಚ್ಚು ಹೆಮ್ಮೆಯಿದೆ. ಟರ್ನರ್ ಒಬ್ಬ ದಮ್ಮಾಮಿಗೆ ಹೋದರೆ ಅದಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲ. ನಮ್ಮ ದಖನಿ ಮನೆಗಳಲ್ಲಂತೂ ಒಂದೇ ಮಾತು: ‘ಬಾಹರ್ ಹೈ’. ಹುಡುಗ ಹೊರಗಿದ್ದಾನೆ. ಯಾವ ದೇಶ, ಏನು ಕೆಲಸ, ಕೈಗೆ ಎಷ್ಟು ಬರುತ್ತದೆ, ಯಾರ ಹೆಸರಿನ ವೀಸಾ ಎಂದು ಮದುವೆ ಮಾತುಕತೆಯಲ್ಲಿ ಕೂಡ ಯಾರೂ ಬಿಡಿಸಿ ಕೇಳುವುದಿಲ್ಲ. ಕೇಳಬೇಕಾಗಿದ್ದ ಸರ್ಕಾರವೂ ಕೇಳುವುದಿಲ್ಲ. ಹುನರ್ ಇದ್ದವನನ್ನೇ ನಮ್ಮ ಕಾನೂನು ಹೆಚ್ಚು ಅನಾಥನನ್ನಾಗಿ ಮಾಡಿ ಕಳಿಸುತ್ತದೆ ಎಂಬುದು ನನ್ನ ತಕರಾರು.

ಹೇರೋಹಳ್ಳಿಯಲ್ಲಿ ವಾಸವಿರುವವರಿಗೆ ಹುನರ್ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಮಾಗಡಿ ರಸ್ತೆಯಿಂದ ಒಳಗೆ ತಿರುಗಿ ಅಂದ್ರಹಳ್ಳಿ, ಸುಂಕದಕಟ್ಟೆಯ ಕಡೆಗೆ ಯಾವ ಅಡ್ಡರಸ್ತೆ ಹಿಡಿದರೂ ಮನೆಗಳ ನಡುವೆ ತಗಡಿನ ಶೆಡ್ಡುಗಳು ಸಿಗುತ್ತವೆ. ಮೇಲೆ ಸಂಸಾರ, ಕೆಳಗೆ ಎರಡು ಲೇಥು, ಒಂದು ಮಿಲ್ಲಿಂಗ್ ಮಷಿನ್. ಸಾಲ ಮಾಡಿ ತಂದ ಸಿಎನ್‌ಸಿ ಒಂದಿದ್ದರೆ ಅದಕ್ಕೆ ಊದುಬತ್ತಿ ಹಚ್ಚುವವರೂ ಇದ್ದಾರೆ, ಬಿಸ್ಮಿಲ್ಲಾ ಹೇಳಿ ಗುಂಡಿ ಒತ್ತುವವರೂ ಇದ್ದಾರೆ. ಪೀಣ್ಯದ ದೊಡ್ಡ ಕಾರ್ಖಾನೆಗಳು ತಮ್ಮಲ್ಲಿ ಮಾಡಲಾರದ, ಮಾಡಲು ಇಷ್ಟಪಡದ ಜಾಬ್ ವರ್ಕ್ ಎಲ್ಲ ಇಲ್ಲಿಗೆ ಬರುತ್ತದೆ. ಇಲ್ಲಿನ ಹುಡುಗ ಮಿಲಿಮೀಟರಿನ ನೂರರಲ್ಲಿ ಒಂದು ಭಾಗವನ್ನು ಮೈಕ್ರೋಮೀಟರಿನಲ್ಲಿ ನೋಡಿ, ಉಗುರಿನಲ್ಲಿ ಸವರಿ, ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತಾನೆ. ಈ ಕೈಗಳು ತಾನಾಗಿ ಹುಟ್ಟಿದವಲ್ಲ. 1953ರಲ್ಲಿ ಜಾಲಹಳ್ಳಿಯ ಬದಿಯಲ್ಲಿ ಎಚ್‌ಎಂಟಿ ಬಂತು, 1972ರಲ್ಲಿ ರಾಜಾಜಿನಗರದಲ್ಲಿ ಡೆನ್ಮಾರ್ಕಿನ ನೆರವಿನಿಂದ ಸರ್ಕಾರಿ ಟೂಲ್ ರೂಮ್ ಬಂತು, ಪೀಣ್ಯಕ್ಕೆ ಎನ್‌ಟಿಟಿಎಫ್ ಬಂತು. ಅಲ್ಲಿ ಕಲಿತವರು ಉಸ್ತಾದರಾದರು. ಅವರ ಕೈಕೆಳಗೆ ಬೈಸಿಕೊಂಡು, ಕೆಲವೊಮ್ಮೆ ಏಟು ತಿಂದು ಕಲಿತವರು ಶೆಡ್ಡು ಹಾಕಿದರು. ಸಾರ್ವಜನಿಕ ದುಡ್ಡಿನಲ್ಲಿ ಎರಡು ತಲೆಮಾರು ಕಟ್ಟಿದ ವಿದ್ಯೆ ಇದು. ಐಐಟಿಯ ವಿದ್ಯೆಯಷ್ಟೇ ಸಾರ್ವಜನಿಕ ಸ್ವತ್ತು.

ಇಂತಹ ಒಬ್ಬ ಹುಡುಗನ ವೀಸಾ ಕಾಗದ ಓದುವ ಸಂದರ್ಭ ನನಗೆ ಒಮ್ಮೆ ಬಂತು. ಸಂಬಂಧದಲ್ಲಿ ಅಕ್ಕನ ಮಗ. ಎಸ್ಸೆಸ್ಸೆಲ್ಸಿ ಪಾಸು, ಐಟಿಐನಲ್ಲಿ ಎರಡು ವರ್ಷದ ಟರ್ನರ್, ಆಮೇಲೆ ಐದು ವರ್ಷ ಇಲ್ಲೇ ಒಂದು ಶೆಡ್ಡಿನಲ್ಲಿ ದುಡಿಮೆ. ‘ಜರಾ ಪಢ್ ಕೋ ಬೋಲೋ ಮಾಮು’ ಎಂದು ಕಾಗದ ಕೈಗಿಟ್ಟ. ನನಗೆ ಅರಬಿ ಬರುವುದಿಲ್ಲ. ಉರ್ದು ಶಾಲೆಯಲ್ಲಿ ಕಲಿತದ್ದರಿಂದ ಲಿಪಿ ಬರುತ್ತದೆ, ಎರಡು ಭಾಷೆಗೂ ಸಾಮಾನ್ಯವಾದ ಪದಗಳು ಗೊತ್ತಾಗುತ್ತವೆ. ವೃತ್ತಿ ಎಂಬಲ್ಲಿ ಬರೆದಿತ್ತು: ‘ಆಮಿಲ್ ತಹ್ಮೀಲ್ ವ ತನ್‌ಜೀಲ್’. ನಮ್ಮ ಬೀದಿಯಲ್ಲಿ ಆಮಿಲ್ ಎಂದರೆ ತಾವೀಜು ಕಟ್ಟುವವನು, ದೆವ್ವ ಬಿಡಿಸುವವನು. ಅರಬಿಯಲ್ಲಿ ಆಮಿಲ್ ಎಂದರೆ ಕೂಲಿಯವನು. ತನ್‌ಜೀಲ್ ಎಂದರೆ ನಮ್ಮ ಕಿವಿಗೆ ಮೇಲಿನಿಂದ ಗ್ರಂಥ ಇಳಿದು ಬಂದದ್ದು. ಆ ಕಾಗದದಲ್ಲಿ ಅದರ ಅರ್ಥ ಲಾರಿಯಿಂದ ಮೂಟೆ ಇಳಿಸುವುದು. ಹುಡುಗನ ತಾಯಿ, ಅಕ್ಷರ ಅರಬಿಯದು ಎಂಬ ಒಂದೇ ಕಾರಣಕ್ಕೆ, ಆ ಕಾಗದವನ್ನು ಕಣ್ಣಿಗೊತ್ತಿಕೊಂಡಿದ್ದಳು.

ನಾನು ಅರ್ಥ ಹೇಳಿದೆ. ಏಜೆಂಟನನ್ನು ಕೇಳಿದರೆ, ‘ಅದೆಲ್ಲ ಕಾಗದದಲ್ಲಿ ಹಾಗೆಯೇ ಇರುತ್ತೆ, ಅಲ್ಲಿ ಹೋದಮೇಲೆ ಬದಲಾಯಿಸಿಕೊಳ್ಳಬಹುದು’ ಎಂದ. ಒಂದು ಲಕ್ಷ ನಲವತ್ತು ಸಾವಿರದಲ್ಲಿ ಒಂದು ಲಕ್ಷ ಆಗಲೇ ಕೊಟ್ಟಾಗಿತ್ತು, ಅಕ್ಕನ ಬಳೆ ಅಡವಿನಲ್ಲಿತ್ತು. ಹೋದ. ಎರಡು ವರ್ಷ ಗೋದಾಮಿನಲ್ಲಿ ಮೂಟೆ ಇಳಿಸಿ ಬಂದ. ವೃತ್ತಿ ಬದಲಾಗಲಿಲ್ಲ. ಕಾಗದದಲ್ಲಿ ಇಲ್ಲದ ಕೆಲಸ ಮಾಡಿದರೆ ಅಲ್ಲಿ ತಪ್ಪು ಕೆಲಸಗಾರನದ್ದೂ ಆಗುತ್ತದೆ. ಆದ್ದರಿಂದ ಪಕ್ಕದ ವರ್ಕ್‌ಶಾಪಿನಲ್ಲಿ ಲೇಥ್ ನಡೆಸುವವನು ಬೇಕೆಂದಾಗಲೂ ಅವನು ಹೋಗಲಾರದೆ ನಿಂತು ನೋಡಿದ. ಈಗ ಮತ್ತೆ ಹೇರೋಹಳ್ಳಿಯ ಶೆಡ್ಡಿಗೆ ಬಂದಿದ್ದಾನೆ. ಅವನ ಜೊತೆಗೆ ಕಲಿತವರು ಪ್ರೋಗ್ರಾಂ ಬರೆಯುವ ಮಟ್ಟಕ್ಕೆ ಹೋಗಿದ್ದಾರೆ.

ಇದಕ್ಕೆ ‘ಅವನ ನಸೀಬು’ ಎಂದು ಹೇಳಿ ಕೈತೊಳೆದುಕೊಳ್ಳುವವರು ನಮ್ಮಲ್ಲಿ ಬೇಕಾದಷ್ಟು ಜನ. ಆದರೆ ಇದು ನಸೀಬಿನ ಕೈಬರಹ ಅಲ್ಲವೇ ಅಲ್ಲ. 1983ರ ವಲಸೆ ಕಾಯಿದೆಯ ಕೈಬರಹ. ಈ ಕಾಯಿದೆಯಡಿ ಹದಿನೆಂಟು ದೇಶಗಳ ಪಟ್ಟಿ ಇದೆ. ಕೊಲ್ಲಿಯ ಆರೂ ದೇಶಗಳು, ಮಲೇಷ್ಯಾ ಮುಂತಾದವು ಅದರಲ್ಲಿವೆ. ಹತ್ತನೇ ತರಗತಿ ಪಾಸಾಗದವನು ಅಲ್ಲಿಗೆ ಕೆಲಸಕ್ಕೆ ಹೋಗಬೇಕಾದರೆ ಅವನ ಪಾಸ್‌ಪೋರ್ಟಿನಲ್ಲಿ ‘ಇಸಿಆರ್’ ಎಂದು ಅಚ್ಚಾಗಿರುತ್ತದೆ, ಅಂದರೆ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಬೇಕು. ಆಗ ಅವನ ಮಾಲೀಕ ಯಾರು, ಸಂಬಳವೆಷ್ಟು, ಕರಾರೇನು ಎಂಬುದು ಸರ್ಕಾರದ ದಾಖಲೆಗೆ ಬರುತ್ತದೆ. ಎರಡು ವರ್ಷಕ್ಕೆ 275 ರೂಪಾಯಿ ಕಂತಿನ ಪ್ರವಾಸಿ ಭಾರತೀಯ ವಿಮೆ ಕಡ್ಡಾಯ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಹತ್ತು ಲಕ್ಷ. ಹತ್ತನೇ ತರಗತಿ ಪಾಸಾದವನಿಗೆ ಇದು ಯಾವುದೂ ಬೇಕಿಲ್ಲ. ಐಟಿಐ ಎರಡು ವರ್ಷ ಓದಿದವನಿಗೂ ಬೇಕಿಲ್ಲ. ಓದು ಬಂದವನು ತನ್ನನ್ನು ತಾನೇ ಕಾಯ್ದುಕೊಳ್ಳುತ್ತಾನೆಂಬುದು 1983ರ ದೆಹಲಿಯ ನಂಬಿಕೆ. ಸಮಾಜ ಪಾಠದಲ್ಲಿ 35 ಅಂಕ ತೆಗೆದವನಿಗೆ ಅರಬಿ ಕರಾರು ಓದಲು ಬರುತ್ತದೆಯೇ?

ಏಜೆಂಟರಿಗೆ ಈ ಸೂಕ್ಷ್ಮ ಚೆನ್ನಾಗಿ ಗೊತ್ತು. ಪಾಸ್‌ಪೋರ್ಟ್ ತಿರುವಿ ನೋಡಿ ‘ಇಸಿಎನ್ನಾರ್ ಇದೆ, ರಗಳೆ ಇಲ್ಲ’ ಎನ್ನುತ್ತಾರೆ. ಹುಡುಗರೂ ಅದನ್ನು ಪದಕದಂತೆ ಹೇಳಿಕೊಳ್ಳುತ್ತಾರೆ. ರಗಳೆ ಇಲ್ಲ ಎಂದರೆ ಲೆಕ್ಕವಿಲ್ಲ, ಕೇಳುವವರಿಲ್ಲ, ವಿಮೆಯಿಲ್ಲ. ನೋಂದಾಯಿತ ಏಜೆಂಟ್ ಒಬ್ಬ ಕೆಲಸಗಾರನಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಶೇಕಡಾ 18ರ ಜಿಎಸ್‌ಟಿ ಸೇರಿದರೆ 35,400. ಆ ಹುಡುಗನಿಂದ ಕಿತ್ತುಕೊಂಡದ್ದು ಇದರ ಸುಮಾರು ನಾಲ್ಕು ಪಟ್ಟು. ನೋಂದಣಿಯೇ ಇಲ್ಲದೆ ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕುಳಿತು ವೀಸಾ ಮಾರುವವನು ಸಿಕ್ಕಿಬಿದ್ದರೆ 1983ರ ಕಾಯಿದೆಯ 24ನೇ ಕಲಮಿನಂತೆ ಜೈಲು ಹೆಚ್ಚೆಂದರೆ ಎರಡು ವರ್ಷ, ದಂಡ ಹೆಚ್ಚೆಂದರೆ ಎರಡು ಸಾವಿರ ರೂಪಾಯಿ. ಎರಡು ಸಾವಿರ! ಅವನ ಕೋಣೆಯ ತಿಂಗಳ ಬಾಡಿಗೆಗೂ ಸಾಲದು. 2019ರಲ್ಲಿ ಹೊಸ ಕಾನೂನಿನ ಕರಡು ಬಂತು, 2021ರಲ್ಲಿ ಇನ್ನೊಂದು ಬಂತು, 2025ರ ಅಕ್ಟೋಬರಿನಲ್ಲಿ ಮತ್ತೊಂದು. ಕರಡು ಬರೆಯುವುದರಲ್ಲಿ ನಮ್ಮ ಸರ್ಕಾರಗಳ ಹುನರ್ ಕಡಿಮೆಯದಲ್ಲ.

ಓದಿದವರನ್ನೂ ಕಾನೂನಿನ ರಕ್ಷಣೆಯೊಳಗೆ ತರಲಾಗದು ಎಂದು ವಾದಿಸುವವರಿಗೆ ಉತ್ತರ ಈಗಾಗಲೇ ಇದೆ. ನರ್ಸುಗಳ ನೇಮಕಾತಿಯಲ್ಲಿ ಲಕ್ಷಗಟ್ಟಲೆ ಸುಲಿಗೆ ನಡೆದಾಗ 2015ರಲ್ಲಿ ಕೇಂದ್ರ ಸರ್ಕಾರವೇ ನಿಯಮ ತಂದಿತು: ಪಾಸ್‌ಪೋರ್ಟ್ ಯಾವುದೇ ಇರಲಿ, ಈ ದೇಶಗಳಿಗೆ ಹೋಗುವ ನರ್ಸಿಗೆ ಅನುಮತಿ ಕಡ್ಡಾಯ, ನೇಮಕ ಸರ್ಕಾರಿ ಸಂಸ್ಥೆಗಳ ಮೂಲಕ. ನರ್ಸಿಗೆ ಆಗುವುದು ಟರ್ನರಿಗೆ, ವೆಲ್ಡರಿಗೆ, ಎಲೆಕ್ಟ್ರಿಷಿಯನ್ನಿಗೆ ಯಾಕಾಗುವುದಿಲ್ಲ? ನರ್ಸುಗಳ ಹಿಂದೆ ಕೇರಳವೆಂಬ ರಾಜ್ಯ ನಿಂತಿತ್ತು. ನಮ್ಮ ಟರ್ನರನ ಹಿಂದೆ ಯಾರೂ ಇಲ್ಲ.

ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2020ರಲ್ಲಿ ಕಂಡೆವು. ಆ ವರ್ಷದ ಸೆಪ್ಟೆಂಬರಿನಲ್ಲಿ, ಕೊರೋನಾದ ನಡುವೆ, ಕೊಲ್ಲಿ ದೇಶಗಳಿಗೆ ಹೋಗುವ ಭಾರತೀಯ ಕೆಲಸಗಾರರಿಗೆ ನಿಗದಿಯಾಗಿದ್ದ ಕನಿಷ್ಠ ಸಂಬಳವನ್ನು ನಮ್ಮ ಕೇಂದ್ರ ಸರ್ಕಾರವೇ ಶೇಕಡಾ 30ರಿಂದ 50ರಷ್ಟು ಇಳಿಸಿತು. ಇಳಿಸದಿದ್ದರೆ ಕೆಲಸ ಬೇರೆ ದೇಶದವರ ಪಾಲಾಗುತ್ತದೆ ಎಂಬುದು ಸಮರ್ಥನೆ. ತೆಲಂಗಾಣದ ವಲಸಿಗರ ಪರ ಹೋರಾಟಗಾರರು ಹೈಕೋರ್ಟಿಗೆ ಹೋದರು, ಗಲಾಟೆಯಾಯಿತು, 2021ರಲ್ಲಿ ಆದೇಶ ಹಿಂದಕ್ಕೆ ಹೋಯಿತು. ಬೆಂಗಳೂರಿನಲ್ಲಿ ಇದು ಎಷ್ಟು ಜನರಿಗೆ ಗೊತ್ತು? ಅದೇ 2025ರ ಸೆಪ್ಟೆಂಬರಿನಲ್ಲಿ ಟ್ರಂಪ್ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಎಂದ ದಿನದಿಂದ ಟಿವಿಗಳಲ್ಲಿ ಶೋಕಾಚರಣೆ. ಎಚ್-1ಬಿಯವರ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪರದೇಶದ ಅಧ್ಯಕ್ಷ ಶುಲ್ಕ ಏರಿಸಿದ್ದಕ್ಕೆ ಅತ್ತವರು, ಸ್ವದೇಶದ ಸರ್ಕಾರ ಕೂಲಿ ಇಳಿಸಿದಾಗ ಎಲ್ಲಿದ್ದರು? 2024ರಲ್ಲಿ ಹೊರಗಿನಿಂದ ಭಾರತಕ್ಕೆ ಬಂದ ಹಣ ವಿಶ್ವಬ್ಯಾಂಕಿನ ಅಂದಾಜಿನಲ್ಲಿ 129 ಬಿಲಿಯನ್ ಡಾಲರ್, ಜಗತ್ತಿನಲ್ಲೇ ಮೊದಲ ಸ್ಥಾನ. ಮೂಟೆ ಇಳಿಸಿದವರ ರಿಯಾಲೂ ಆ ಲೆಕ್ಕದಲ್ಲಿ ಇದೆಯಲ್ಲ!

‘ಇಲ್ಲೇ ಪೀಣ್ಯದಲ್ಲಿ ಕೆಲಸವಿಲ್ಲವೇ, ಹೋಗು ಅಂದವರು ಯಾರು?’ ಎಂದು ಕೇಳುವ ಮಾಲೀಕರಿದ್ದಾರೆ. ಅವರಿಗೆ ಒಂದೇ ಮಾತು. 2023ರ ಫೆಬ್ರವರಿಯಲ್ಲಿ ದಿನಕ್ಕೆ 12 ಗಂಟೆ ದುಡಿಸಲು, ಮೂರು ತಿಂಗಳ ಓವರ್‌ಟೈಮನ್ನು 75 ಗಂಟೆಯಿಂದ 144ಕ್ಕೆ ಏರಿಸಲು ನಮ್ಮ ವಿಧಾನಸಭೆಯೇ ಒಪ್ಪಿದೆ. ಹೋಗು ಅಂದವರು ಅಲ್ಲಿದ್ದಾರೆ, ಹುಡುಕಿಕೊಳ್ಳಿ.

ಸರ್ಕಾರವನ್ನು ಬೈದು ನಮ್ಮವರನ್ನು ಬಿಟ್ಟರೆ ನ್ಯಾಯವಾಗದು. ವೀಸಾ ನಮ್ಮಲ್ಲಿ ಈಗ ಜೋಡೆಯ ಒಂದು ವಸ್ತು. ಮಾವನೊಬ್ಬ ಅಳಿಯನಿಗೆ ವೀಸಾ ‘ಕೊಡಿಸುತ್ತಾನೆ’, ಭಾವನೊಬ್ಬ ಮೈದುನನಿಗೆ ‘ಕಳಿಸುತ್ತಾನೆ’. ಉಪಕಾರವೆಂಬಂತೆ ಬಂದದ್ದರ ಮೇಲೆ ಪ್ರಶ್ನೆ ಕೇಳುವುದು ಬೇಅದಬಿ. ಈ ಪ್ರೀತಿಯ ವ್ಯಾಪಾರದಲ್ಲಿ ಅತ್ಯಂತ ಬೇಡಿಕೆಯದು ‘ಆಜಾದ್ ವೀಸಾ’. ಪರದೇಶದ ಯಾವನೋ ಕಫೀಲ ತನ್ನ ಹೆಸರನ್ನು ಮಾರುತ್ತಾನೆ, ಕೆಲಸ ಕೊಡುವುದಿಲ್ಲ; ಕೊಂಡವನು ಎಲ್ಲೋ ಕೆಲಸ ಹುಡುಕಿಕೊಂಡು ಅವನಿಗೆ ವರ್ಷ ವರ್ಷ ಕಪ್ಪ ಕಟ್ಟುತ್ತಾನೆ. ಅಲ್ಲಿನ ಕಾನೂನಿನಲ್ಲೂ ಇದು ಅಪರಾಧ. ಸಿಕ್ಕಿಬಿದ್ದರೆ ಗಡೀಪಾರು. ಉರ್ದುವಿನ ಅಷ್ಟು ಚಂದದ ಪದವನ್ನು ಇಷ್ಟು ಹೀನ ಜೀತಕ್ಕೆ ಇಟ್ಟವನು ಯಾವ ಶಾಯರನೋ! ಇದನ್ನು ಮಾರುವವರಲ್ಲಿ ಹಾಜಿಗಳಿದ್ದಾರೆ, ಜಮಾತಿನ ಹಿರಿಯರಿದ್ದಾರೆ. ಮೊದಲ ಸಾಲಿನಲ್ಲಿ ನಿಂತು ನಮಾಜು ಮಾಡುವವರೂ ಇದ್ದಾರೆ. ಶುಕ್ರವಾರದ ಬಯಾನಿನಲ್ಲಿ ಬಡ್ಡಿ ಹರಾಮು ಎಂದು ಕೇಳಿ ತಲೆದೂಗಿ, ಅಕ್ಕನ ಬಳೆ ಬಡ್ಡಿ ಅಂಗಡಿಗೆ ಹೋಗುವಂತೆ ಮಾಡುವ ಈ ದಂಧೆಯನ್ನು ಮಾತ್ರ ‘ಮದದ್’ ಎನ್ನುತ್ತೇವೆ.

ಹದಿನೆಂಟು ದೇಶಗಳ ಆಚೆಗಂತೂ ಬೇಲಿಯೇ ಇಲ್ಲ. ಕಲಬುರಗಿ ಜಿಲ್ಲೆಯ ಹುಡುಗರು ಸೆಕ್ಯುರಿಟಿ ಕೆಲಸವೆಂಬ ಮಾತು ನಂಬಿ ರಷ್ಯಾಕ್ಕೆ ಹೋಗಿ ಯುದ್ಧದ ನಡುವೆ ಸಿಕ್ಕಿಕೊಂಡದ್ದು, 2024ರ ಸೆಪ್ಟೆಂಬರಿನಲ್ಲಿ ಮರಳಿದ್ದು ಎಲ್ಲರಿಗೂ ಗೊತ್ತು. ರಷ್ಯಾ ಆ ಪಟ್ಟಿಯಲ್ಲಿಲ್ಲ. ಅದೇ ವರ್ಷ ಜೂನ್ 12ರಂದು ಕುವೈತಿನ ಮಂಗಾಫಿನಲ್ಲಿ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದಾಗ 45 ಭಾರತೀಯರ ಶವಗಳು ವಾಯುಪಡೆಯ ವಿಮಾನದಲ್ಲಿ ಕೊಚ್ಚಿಗೆ ಬಂದವು. ಅದರಲ್ಲಿ ಕಲಬುರಗಿ ಜಿಲ್ಲೆಯವನೂ ಒಬ್ಬನಿದ್ದ. ಕೊಚ್ಚಿಯಲ್ಲಿ ಕೇರಳದ ಮುಖ್ಯಮಂತ್ರಿ ನಿಂತಿದ್ದರು, ಆಂಬುಲೆನ್ಸುಗಳು ಸಾಲಾಗಿ ನಿಂತಿದ್ದವು. ಕೇರಳ ಇದನ್ನು ಒಂದು ದಿನದಲ್ಲಿ ಕಲಿತದ್ದಲ್ಲ. ವಿದೇಶ ಉದ್ಯೋಗಕ್ಕೆಂದೇ ಒಡೆಪೆಕ್ ಎಂಬ ಸರ್ಕಾರಿ ಸಂಸ್ಥೆಯನ್ನು 1977ರಲ್ಲೇ ಕಟ್ಟಿತು, ಅನಿವಾಸಿ ಕೇರಳೀಯರಿಗಾಗಿ 1996ರಲ್ಲಿ ನೋರ್ಕಾ ಇಲಾಖೆ ತೆರೆಯಿತು. 1998ರಿಂದ ಮತ್ತೆ ಮತ್ತೆ ಮನೆಮನೆ ಸಮೀಕ್ಷೆ ನಡೆದು ಯಾರು ಎಲ್ಲಿದ್ದಾರೆಂಬ ಲೆಕ್ಕ ಅಲ್ಲಿ ಸಿಗುತ್ತದೆ. ತಮಿಳುನಾಡಿನ ನಿಗಮ 1978ರದ್ದು. ನಮ್ಮಲ್ಲೂ ಕೌಶಲ ಅಭಿವೃದ್ಧಿ ನಿಗಮದ ಅಡಿಯಲ್ಲಿ ಒಂದು ಅಂತರರಾಷ್ಟ್ರೀಯ ವಲಸೆ ಕೇಂದ್ರವಿದೆ, ತಡವಾಗಿಯಾದರೂ ಬಂತು. ಆದರೆ ನಮ್ಮ ಬೀದಿಯ ಶೆಡ್ಡುಗಳಲ್ಲಿ ಹತ್ತು ಹನ್ನೆರಡು ಹುಡುಗರನ್ನು ಕೇಳಿ ನೋಡಿದೆ, ಒಬ್ಬನೂ ಅದರ ಹೆಸರು ಕೇಳಿರಲಿಲ್ಲ. ಮೊಬೈಲ್ ಅಂಗಡಿಯ ಮೇಲಿನ ಕೋಣೆ ಮಾತ್ರ ಎಲ್ಲರಿಗೂ ಗೊತ್ತಿತ್ತು.

ಬಾಗಿಲುಗಳು ಬದಲಾಗುತ್ತಿರುವ ಕಾಲವಿದು. ಸೌದಿಯೇ ಈಗ ವೆಲ್ಡರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಮುಂತಾದವರಿಗೆ ಭಾರತದಲ್ಲೇ ಕೌಶಲ ಪರೀಕ್ಷೆ ನಡೆಸುತ್ತಿದೆ. ಜರ್ಮನಿ 2024ರ ಅಕ್ಟೋಬರಿನಲ್ಲಿ ಭಾರತದ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿತು. ಆದರೆ ಅವರ ‘ಅವಕಾಶ ಕಾರ್ಡ್’ ಬೇಕಾದರೆ ಕನಿಷ್ಠ ಎರಡು ವರ್ಷದ ಮಾನ್ಯ ತರಬೇತಿ ಬೇಕು, ಒಂದಿಷ್ಟು ಜರ್ಮನ್ ಇಲ್ಲವೇ ಚೆನ್ನಾದ ಇಂಗ್ಲಿಷ್ ಬೇಕು, ಬ್ಯಾಂಕಿನಲ್ಲಿ ತಿಂಗಳಿಗೆ ಸಾವಿರಕ್ಕೂ ಹೆಚ್ಚು ಯೂರೋ ಲೆಕ್ಕದಲ್ಲಿ ಒಂದು ವರ್ಷದ ದುಡ್ಡು ತೋರಿಸಬೇಕು. ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇರುವುದು ಇಂದಿರಾನಗರದಲ್ಲಿ, ಊರಿನ ಇನ್ನೊಂದು ತುದಿ. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವವನು ಯಾವಾಗ ಹೋಗಿ ಕಲಿಯಬೇಕು? ರಾಜಾಜಿನಗರ, ಪೀಣ್ಯದ ತರಬೇತಿ ಕೇಂದ್ರಗಳಲ್ಲೇ ಭಾನುವಾರ ಜರ್ಮನ್ ಕಲಿಸಲಿ. ವಿದೇಶಿ ಕರಾರುಗಳನ್ನು ಕನ್ನಡಕ್ಕೂ ಉರ್ದುವಿಗೂ ಅನುವಾದಿಸಿ ಓದಿ ಹೇಳುವ ಒಬ್ಬ ಗುಮಾಸ್ತ ಪ್ರತಿ ಸರ್ಕಾರಿ ಐಟಿಐನಲ್ಲಿ ಕೂರಲಿ. ಏನೂ ಖರ್ಚಿಲ್ಲದ ಕೆಲಸವೊಂದನ್ನು ನಮ್ಮ ಮಸೀದಿ ಕಮಿಟಿಗಳೂ ಮಾಡಬಹುದು: ಕುರ್‌ಆನ್ ಓದಿಸುವ ಹಜರತರಲ್ಲಿ ಅರಬಿಯ ಅರ್ಥ ಬಲ್ಲವರು ಬೇಕಾದಷ್ಟಿದ್ದಾರೆ, ವಾರಕ್ಕೊಂದು ಸಂಜೆ ವೀಸಾ ಓದಿ ಹೇಳಲಿ. ಅದಕ್ಕಿಂತ ಮೊದಲು ವಿಧಾನಸೌಧದವರು ಒಂದು ಸಣ್ಣ ಲೆಕ್ಕ ನೋಡಿಕೊಳ್ಳಬೇಕು. ನಮ್ಮ ಐಟಿಐಗಳಲ್ಲಿ ಟರ್ನರ್, ಫಿಟ್ಟರ್‌ಗಳದು ಎರಡು ವರ್ಷದ ಕೋರ್ಸು, ವೆಲ್ಡರನದು ಒಂದೇ ವರ್ಷ. ಈ ವರ್ಷ ಸೇರುವ ವೆಲ್ಡರ್ ಹುಡುಗರಿಗೆ ಆ ಬಾಗಿಲು ಅರ್ಜಿ ಹಾಕುವ ಮೊದಲೇ ಮುಚ್ಚಿದೆ ಎಂದು ಅವರಿಗೆ ಯಾರಾದರೂ ಹೇಳಿದ್ದಾರೆಯೇ?