ಸೋತವರ ಮಾತೂ ಇತಿಹಾಸವೇ

ಕೆಲವು ತಿಂಗಳುಗಳ ಹಿಂದೆ ನಮ್ಮ ಶಾಲೆಯ ಇತಿಹಾಸದ ಅಧ್ಯಾಪಕ ಮಿತ್ರರು ನನ್ನಲ್ಲಿಗೆ ಬಂದು, ‘ಐಸೊಲೇಷನಿಸಂ’ ಎಂಬ ಆಂಗ್ಲ ಪದಕ್ಕೆ ಸಮರ್ಪಕವಾದ ಕನ್ನಡ ಶಬ್ದವಾವುದೆಂದು ಕೇಳಿದರು. ಎರಡು ಮಹಾಯುದ್ಧಗಳ ನಡುವಣ ಅಮೆರಿಕದ ವಿದೇಶಾಂಗ ನೀತಿಯನ್ನು ಕುರಿತು ಅವರು ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸುತ್ತಿದ್ದರು. ‘ಪ್ರತ್ಯೇಕತಾವಾದ’ವೆಂದರೆ ದೇಶವನ್ನೊಡೆದು ಬೇರೆಯಾಗುವವರ ವಾದವೆಂಬ ಅರ್ಥ ಬರುತ್ತದೆ, ‘ಏಕಾಂತನೀತಿ’ಯೆಂದರೆ ಲೋಕವನ್ನೇ ತೊರೆದು ಗುಹೆ ಸೇರಿದವನ ಚಿತ್ರ ಮೂಡುತ್ತದೆ. ಬೇರೆ ದಾರಿ ಕಾಣದೆ ಎರಡನೆಯದನ್ನೇ ಬರೆದುಕೊಟ್ಟೆನಾದರೂ ಮನಸ್ಸಿಗೆ ಸಮಾಧಾನವಾಗಲಿಲ್ಲ. ಆ ಬಳಿಕ ಅದೇ ಮಿತ್ರರು ತಂದುಕೊಟ್ಟ, ಅಮೆರಿಕದ ಇತಿಹಾಸಕಾರ ವೇಯ್ನ್ ಕೋಲ್ ಅವರ ಗ್ರಂಥಗಳನ್ನು ನಿಘಂಟಿನ ನೆರವಿನಿಂದ ನಿಧಾನವಾಗಿ ಓದಿದೆನು. ದೋಷವಿದ್ದುದು ನನ್ನ ಅನುವಾದದಲ್ಲಿ ಮಾತ್ರವಲ್ಲ, ಮೂಲಪದದಲ್ಲಿಯೇ ಎಂಬುದು ಆಗ ಮನದಟ್ಟಾಯಿತು.

ಸಂಗತಿಯ ಹಿನ್ನೆಲೆಯಿಷ್ಟು. ಅನ್ಯರಾಷ್ಟ್ರಗಳೊಡನೆ ಶಾಶ್ವತವಾದ ಮೈತ್ರಿಬಂಧಗಳು ಬೇಡವೆಂದು ಜಾರ್ಜ್ ವಾಷಿಂಗ್ಟನ್ನರು 1796ರ ತಮ್ಮ ವಿದಾಯ ಸಂದೇಶದಲ್ಲಿ ಜನತೆಗೆ ಬುದ್ಧಿ ಹೇಳಿದ್ದರು. ಮೊದಲನೆಯ ಮಹಾಯುದ್ಧದ ಅನಂತರ ಅಧ್ಯಕ್ಷ ವಿಲ್ಸನ್ನರು ರಾಷ್ಟ್ರಸಂಘವನ್ನು ಕಟ್ಟಹೊರಟಾಗ ಅವರ ದೇಶದ ಸೆನೆಟ್ ಸಭೆಯೇ ಅದಕ್ಕೆ ಒಪ್ಪಲಿಲ್ಲ. 1920ರ ಮಾರ್ಚಿಯಲ್ಲಿ ಒಪ್ಪಂದದ ಪರವಾಗಿ 49, ವಿರುದ್ಧವಾಗಿ 35 ಮತಗಳು ಬಂದರೂ ಮೂರರಲ್ಲಿ ಎರಡು ಪಾಲಿನ ಬಹುಮತ ದೊರೆಯದೆ ಅದು ಬಿದ್ದುಹೋಯಿತು. ಮುಂದೆ ಉತ್ತರ ಡಕೋಟದ ಸೆನೆಟರ್ ಜೆರಾಲ್ಡ್ ನೈ ಅವರ ಸಮಿತಿಯು 1934ರಿಂದ 1936ರವರೆಗೆ ಯುದ್ಧಸಾಮಗ್ರಿಯ ವ್ಯಾಪಾರಿಗಳ ಲಾಭಕೋರತನವನ್ನು ವಿಚಾರಣೆಗೊಳಪಡಿಸಿತು; 1935ರಲ್ಲಿ ಮೊದಲನೆಯ ತಾಟಸ್ಥ್ಯ ಶಾಸನವು ಜಾರಿಗೆ ಬಂದಿತು. ಇದನ್ನೆಲ್ಲ ಬೆಂಬಲಿಸಿದವರಿಗೆ ಅವರ ವಿರೋಧಿಗಳು ಅಂಟಿಸಿದ ಹೆಸರೇ ‘ಐಸೊಲೇಷನಿಸ್ಟ್’. ವಿರೋಧಿಗಳಾದರೋ ತಮ್ಮನ್ನು ‘ಅಂತರರಾಷ್ಟ್ರೀಯವಾದಿ’ಗಳೆಂದು ಕರೆದುಕೊಂಡರು. ಒಂದು ಪಕ್ಷಕ್ಕೆ ಬೈಗುಳ, ಇನ್ನೊಂದಕ್ಕೆ ಬಿರುದು! ವಾದವು ಆರಂಭವಾಗುವ ಮುನ್ನವೇ ತೀರ್ಪು ಹೊರಬಿದ್ದಂತಾಯಿತು.

ಯುದ್ಧವು ಮುಗಿದು, ಗೆದ್ದವರ ಜಯಘೋಷವಿನ್ನೂ ಅಡಗದಿದ್ದ ಕಾಲದಲ್ಲಿ ಕೋಲ್ ಅವರು ಸೋತವರ ಕಾಗದಪತ್ರಗಳನ್ನು ಹುಡುಕಿ ಹೊರಟರು. ಅಮೆರಿಕವು ಯುದ್ಧಕ್ಕಿಳಿಯಬಾರದೆಂದು 1940-41ರಲ್ಲಿ ಹೋರಾಡಿದ ‘ಅಮೆರಿಕ ಫಸ್ಟ್’ ಸಮಿತಿಯನ್ನು ಕುರಿತು 1953ರಲ್ಲಿ, ಸೆನೆಟರ್ ನೈ ಅವರನ್ನು ಕುರಿತು 1962ರಲ್ಲಿ, ವಿಮಾನವೀರ ಲಿಂಡ್‌ಬರ್ಗರ ಯುದ್ಧವಿರೋಧವನ್ನು ಕುರಿತು 1974ರಲ್ಲಿ, ಕಡೆಗೆ ರೂಸ್‌ವೆಲ್ಟರಿಗೂ ಈ ಪಕ್ಷಕ್ಕೂ ನಡೆದ ದೀರ್ಘ ಸಂಘರ್ಷವನ್ನು ಕುರಿತು 1983ರಲ್ಲಿ ಅವರ ಗ್ರಂಥಗಳು ಪ್ರಕಟಗೊಂಡವು. ಮೂವತ್ತು ವರ್ಷಗಳ ಏಕನಿಷ್ಠ ವ್ಯಾಸಂಗವಿದು.

ಅವರು ಕಂಡುಕೊಂಡುದೇನು? ಈ ಜನರು ಲೋಕದಿಂದ ಮುಖ ತಿರುಗಿಸಿದವರಲ್ಲ. ವಾಣಿಜ್ಯವನ್ನಾಗಲಿ ವಿದ್ಯೆಯ ವಿನಿಮಯವನ್ನಾಗಲಿ ಬೇಡವೆಂದವರಲ್ಲ. ಯೂರೋಪಿನ ಯುದ್ಧಗಳಲ್ಲಿ ತಮ್ಮ ಮಕ್ಕಳು ಮಡಿಯಬಾರದು, ಯುದ್ಧಶಾಂತಿಗಳ ನಿರ್ಣಯವು ತಮ್ಮ ಕೈಯಲ್ಲಿಯೇ ಇರಬೇಕು ಎಂಬುದಷ್ಟೇ ಅವರಲ್ಲಿ ಬಹುಮಂದಿಯ ಹಟವಾಗಿತ್ತು. ಆ ಭಾವನೆಯ ಬೇರುಗಳು ಮಧ್ಯಪಶ್ಚಿಮ ಪ್ರಾಂತಗಳ ಹೊಲಗದ್ದೆಗಳಲ್ಲಿ, ಸಣ್ಣ ಊರುಗಳಲ್ಲಿ ಇದ್ದವು. ನಗರ, ಕಾರ್ಖಾನೆ, ಬ್ಯಾಂಕುಗಳ ಅಮೆರಿಕವು ಬೆಳೆದಂತೆ ರೈತರ ಅಮೆರಿಕವು ಕುಗ್ಗಿತು. ಅದರೊಡನೆ ಈ ನೀತಿಯೂ ಕುಗ್ಗಿತು. 1944ರ ಚುನಾವಣೆಯಲ್ಲಿ ನೈ ಅವರೂ ಸೋತರು. ಮರುವರ್ಷ ಜುಲೈ 28ರಂದು ಅದೇ ಸೆನೆಟ್ ಸಭೆಯು ವಿಶ್ವಸಂಸ್ಥೆಯ ಸನ್ನದನ್ನು 89ಕ್ಕೆ 2 ಮತಗಳಿಂದ ಅಂಗೀಕರಿಸಿತು.

ಹಾಗೆಂದು ಸೋತವರೆಲ್ಲ ಸಾಧುಗಳೆಂದು ನನ್ನ ವಾದವಲ್ಲ. ದೂರ ನಿಲ್ಲುವುದೂ ಒಂದು ಪಕ್ಷ ವಹಿಸಿದಂತೆಯೇ ಆಗುವುದುಂಟು. 1937ರಲ್ಲಿ ಸ್ಪೇನಿನ ಅಂತರ್ಯುದ್ಧಕ್ಕೂ ಶಸ್ತ್ರನಿಷೇಧವನ್ನು ಅನ್ವಯಿಸಿದಾಗ ಪೆಟ್ಟುಬಿದ್ದುದು ಅಲ್ಲಿಯ ಚುನಾಯಿತ ಸರಕಾರಕ್ಕೆ. ಎದುರಾಳಿಗಳಿಗೆ ಜರ್ಮನಿ, ಇಟಲಿಗಳಿಂದ ನೆರವು ಹರಿದುಬರುತ್ತಲೇ ಇತ್ತು. 1941ರ ಸೆಪ್ಟೆಂಬರಿನಲ್ಲಿ ಡಿ ಮೊಯ್ನ್ ನಗರದಲ್ಲಿ ಮಾತನಾಡಿದ ಲಿಂಡ್‌ಬರ್ಗರು ದೇಶವನ್ನು ಯುದ್ಧಕ್ಕೆ ದೂಡುತ್ತಿರುವವರ ಸಾಲಿನಲ್ಲಿ ಯಹೂದ್ಯರನ್ನೂ ಹೆಸರಿಸಿದರು. ಆ ಮಾತು ಅನ್ಯಾಯದ ಮಾತು. ಅವರ ಪಕ್ಷಕ್ಕೆ ಅದು ಅಳಿಸಲಾಗದ ಕಳಂಕವಾಯಿತು. ಕೇಳುವುದೆಂದರೆ ಒಪ್ಪುವುದೆಂದಲ್ಲ. ಆದರೆ ಕೇಳದೆ ಖಂಡಿಸುವುದು ವಿದ್ವತ್ತಿನ ಲಕ್ಷಣವಲ್ಲ. ಪೂರ್ವಪಕ್ಷವನ್ನು ಪೂರ್ಣವಾಗಿ ಮಂಡಿಸಿದ ಹೊರತು ಸಿದ್ಧಾಂತವನ್ನು ಹೇಳಲಾಗದೆಂಬ ನಮ್ಮ ಶಾಸ್ತ್ರಪದ್ಧತಿಯೂ ಇದನ್ನೇ ವಿಧಿಸುತ್ತದೆ.

ದೂರದ ದೇಶದ ಈ ವಿವಾದವು ನಮಗೇಕೆಂದು ಯಾರಾದರೂ ಕೇಳಬಹುದು. ಹೆಸರಿನ ಪೆಟ್ಟನ್ನು ನಾವೂ ತಿಂದವರೇ. ಸ್ವತಂತ್ರ ಭಾರತವು ಎರಡು ಬಣಗಳಲ್ಲಿ ಯಾವುದನ್ನೂ ಸೇರದೆ ಅಲಿಪ್ತವಾಗಿ ನಿಂತ ದಿನಗಳಲ್ಲಿ, 1956ರ ಜೂನ್ ತಿಂಗಳಲ್ಲಿ, ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡಲೆಸ್ಸರು ತಾಟಸ್ಥ್ಯವೆಂಬುದು ಅಪರೂಪದ ಸಂದರ್ಭಗಳನ್ನುಳಿದು ಅನೈತಿಕವಾದುದೆಂದು ಸಾರಿದರು. ನಮ್ಮ ಅಲಿಪ್ತತೆಯು ವೈಮುಖ್ಯವಾಗಿತ್ತೇ? ಅದಕ್ಕೆ ಮೂರು ವರ್ಷಗಳ ಹಿಂದಷ್ಟೇ ಕೊರಿಯದಲ್ಲಿ ಯುದ್ಧಕೈದಿಗಳ ಬಿಡುಗಡೆಯ ಜಟಿಲ ಹೊಣೆಯನ್ನು ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಯಾವ ಬಣಕ್ಕೂ ಸೇರದ ದೇಶವಾದುದರಿಂದಲೇ ಭಾರತಕ್ಕೆ ಆ ಹೊಣೆ ಒಪ್ಪಿತು. ನಮ್ಮ ನಿಲುವನ್ನು ಅನ್ಯರು ತಮ್ಮ ಶಬ್ದದಿಂದ ಅಳೆದಾಗ ನೊಂದುಕೊಂಡ ನಾವು, ಇನ್ನೊಬ್ಬರ ನಿಲುವನ್ನು ಅವರ ವಿರೋಧಿಗಳ ಶಬ್ದದಿಂದಲೇ ಅಳೆಯುವುದು ಉಚಿತವೇ?

ತರಗತಿಯಲ್ಲಿ ನಡೆಯುತ್ತಿರುವುದಾದರೋ ಅದೇ. ‘ಅಮೆರಿಕವು ಏಕಾಂತನೀತಿಯನ್ನು ಅನುಸರಿಸಿತು’ ಎಂದು ವಿದ್ಯಾರ್ಥಿ ಬರೆಯುತ್ತಾನೆ, ನಾವು ಅಂಕವನ್ನು ಕೊಡುತ್ತೇವೆ. ಆ ಹೆಸರನ್ನಿಟ್ಟವರು ಯಾರು, ಏತಕ್ಕಾಗಿ ಇಟ್ಟರು ಎಂದು ಅವನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹೀಗೆ ಬೆಳೆದ ಬಾಲಕನು ನಾಳೆ ಊರಿನ ಪಂಚಾಯಿತಿಯಲ್ಲಿ ಕುಳಿತಾಗಲೂ ಎದುರುಪಕ್ಷದವರಿಗೆ ಒಂದು ಹೆಸರನ್ನಿಟ್ಟು ಅವರ ಮಾತನ್ನು ಕೇಳದೆಯೇ ಎದ್ದುಹೋದಾನು. ನನ್ನ ಕಳವಳವಿರುವುದು ಇಲ್ಲಿಯೇ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿಜ್ಞಾಪನೆಯಿದು: ಇತಿಹಾಸದಲ್ಲಿ ‘ವಾದ’ವೆಂದು ಕೊನೆಗೊಳ್ಳುವ ಪದವೊಂದು ಎದುರಾದಾಗಲೆಲ್ಲ, ಆ ವಾದವನ್ನು ಮಂಡಿಸಿದವರು ತಮ್ಮನ್ನು ತಾವೇ ಏನೆಂದು ಕರೆದುಕೊಂಡಿದ್ದರೆಂದು ಮಕ್ಕಳಿಂದ ಕೇಳಿಸಿರಿ. ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ಬಿನ್ನಹ: ಕಟ್ಟಡಗಳಿಗೆ ಉದಾರವಾಗಿ ಕೊಟ್ಟಿರುವಿರಿ; ಇನ್ನು ಗ್ರಂಥಭಂಡಾರಕ್ಕೂ ಕೈನೀಡಿ, ಒಂದೊಂದು ವಿವಾದಕ್ಕೂ ಎರಡೂ ಪಕ್ಷಗಳ ಪುಸ್ತಕಗಳನ್ನು ಒದಗಿಸಿರಿ. ನಾನಂತೂ ಮಿತ್ರರ ಪ್ರಶ್ನೆಪತ್ರಿಕೆಯನ್ನು ಮರಳಿ ಪಡೆದು, ‘ಏಕಾಂತನೀತಿ’ಯನ್ನು ಹೊಡೆದುಹಾಕಿ, ‘ಯೂರೋಪಿನ ಯುದ್ಧಗಳಿಂದ ದೂರವಿರುವ ನೀತಿ’ ಎಂದು ಬರೆದುಕೊಟ್ಟಿದ್ದೇನೆ. ಶಬ್ದವು ಉದ್ದವಾಯಿತು, ನಿಜ. ಆದರೆ ಅದರಲ್ಲಿ ಯಾರ ನಿಂದೆಯೂ ಇಲ್ಲ.